ಮೊಬೈಲಿನಲ್ಲಿ ಆರಿಸಿದ ಆಂಟೆನಾ

ಹವ್ಯಾಸಿ ರೇಡಿಯೊದವರ ನಡುವೆ ದೂರನಿಯಂತ್ರಿತ ಆಂಟೆನಾ ಸ್ವಿಚ್ಚಿಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ರಿಲೇ ಬೋರ್ಡು, ಒಂದು ವೈಫೈ ಚಿಪ್, 12 ವೋಲ್ಟಿನ ಅಡಾಪ್ಟರ್ ಇದ್ದರೆ ಸಾಕು, ಆಫೀಸಿನಲ್ಲಿ ಕೂತು ಮೊಬೈಲಿನಿಂದಲೇ ಬನಶಂಕರಿಯ ತಾರಸಿಯ ಆಂಟೆನಾ ಕಡಿಯಬಹುದು. ಒಂದೇ ಕೇಬಲಿನಲ್ಲಿ ಡೈಪೋಲ್ ಬೇಕೋ ವರ್ಟಿಕಲ್ ಬೇಕೋ ಆರಿಸಿಕೊಳ್ಳಲು ಇದು ಸೊಗಸಾದ ಏರ್ಪಾಡು. ತಕರಾರು ಇರುವುದು ಇದನ್ನೇ ಸಿಡಿಲಿನ ರಕ್ಷಣೆ ಎಂದು ಹೊಗಳುವವರ ಮೇಲೆ.

ಬೋರ್ಡಿನ ಮೇಲಿನ ರಿಲೇ ಎಂಬ ಪುಟ್ಟ ನೀಲಿ ಡಬ್ಬಿಯನ್ನು ಬಿಚ್ಚಿ ನೋಡಬೇಕು. ‘ಆಫ್’ ಆದಾಗಲೂ ಒಳಗಿನ ಎರಡು ಕಾಂಟ್ಯಾಕ್ಟುಗಳ ನಡುವೆ ಒಂದು ಮಿಲಿಮೀಟರ್ ಸಂದು ಇದ್ದರೆ ಹೆಚ್ಚು. ಒಣಗಾಳಿ ಮಿಲಿಮೀಟರಿಗೆ ಸುಮಾರು 3,000 ವೋಲ್ಟ್ ತಡೆದೀತು, ಆಮೇಲೆ ಕಿಡಿ ಹಾರುತ್ತದೆ. ಕಿಲೋಮೀಟರುಗಟ್ಟಲೆ ಗಾಳಿ ಸೀಳಿ ಬಂದ ಸಿಡಿಲಿಗೆ ಇದು ಯಾವ ಲೆಕ್ಕ? ನೇರವಾಗಿ ಬಡಿಯಬೇಕೆಂದೂ ಇಲ್ಲ; ಪಕ್ಕದ ಮನೆಯ ತೆಂಗಿಗೆ ಬಿದ್ದರೂ ಉದ್ದನೆಯ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿಕೊಳ್ಳುತ್ತದೆ. ಸಾಲದ್ದಕ್ಕೆ ಒಂಟಿ ರಿಲೇ ಕಡಿಯುವುದು ಕೋಆಕ್ಸ್ ಕೇಬಲಿನ ನಡುತಂತಿಯನ್ನು ಮಾತ್ರ. ಹೊರಗಿನ ತಾಮ್ರದ ಜಾಲರಿ ತಾರಸಿಯಿಂದ ರೇಡಿಯೊದ ಬೆನ್ನಿನವರೆಗೆ ಕಡಿಯದೆ ಇಳಿದಿರುತ್ತದೆ.

ಏಪ್ರಿಲ್, ಮೇ ಸಂಜೆಗಳಲ್ಲಿ ಇನ್ನೊಂದು ಫಜೀತಿ. ಗುಡುಗಿಗಿಂತ ಮೊದಲೇ ಗಾಳಿ ಬೀಸಿ, ಜಯನಗರದಲ್ಲೆಲ್ಲೋ ಕೊಂಬೆ ಮುರಿದು, ಕರೆಂಟು ಹೋಗುತ್ತದೆ, ಬೆನ್ನಲ್ಲೇ ವೈಫೈ. ಆಗ ರಿಲೇ ಯಾವ ಕಡೆ ಬೀಳುತ್ತದೆ? ಕರೆಂಟಿಲ್ಲದಾಗ ಕೂಡಿರುವ ‘ನಾರ್ಮಲಿ ಕ್ಲೋಸ್ಡ್’ ತುದಿಗೆ ರೇಡಿಯೊ ಕೊಟ್ಟಿದ್ದರೆ ಕತ್ತಲಾದ ಕ್ಷಣವೇ ಆಂಟೆನಾ ತಾನಾಗಿ ರೇಡಿಯೊಗೆ ಕೂಡಿಕೊಳ್ಳುತ್ತದೆ. ಆ ತುದಿಯನ್ನು ಅರ್ಥಿಂಗಿಗೆ ಕೊಡುವುದು ಐದು ನಿಮಿಷದ ಕೆಲಸ. ಹೊಗಳುವವರು ಮೊಬೈಲ್ ಪರದೆಯ ಚಂದ ವರ್ಣಿಸುತ್ತಾರೆ, ಈ ತುದಿಯ ಮಾತೆತ್ತುವುದಿಲ್ಲ.

ದೂರದಿಂದ ಸ್ವಿಚ್ ಹಾಕುವುದೇ ತಪ್ಪೇನಲ್ಲ. ಇಸ್ರೊ 2005ರ ಮೇ 5ರಂದು ಹಾರಿಸಿದ ಹವ್ಯಾಸಿ ರೇಡಿಯೊ ಉಪಗ್ರಹ ಹ್ಯಾಮ್‌ಸ್ಯಾಟ್‌ನಲ್ಲಿ ಎರಡು ಟ್ರಾನ್ಸ್‌ಪಾಂಡರುಗಳಿದ್ದವು, ಒಂದು ಭಾರತದ್ದು, ಇನ್ನೊಂದು ಡಚ್ ಹವ್ಯಾಸಿಯೊಬ್ಬರದು. ಯಾವುದು ಚಾಲೂ ಇರಬೇಕೆಂದು ಆಜ್ಞೆ ಹೋಗುತ್ತಿದ್ದದ್ದು ನೆಲದಿಂದ. ಸುಮಾರು 600 ಕಿಲೋಮೀಟರ್ ಎತ್ತರಕ್ಕೆ ಯಾರೂ ಹತ್ತಿ ಹೋಗುವಂತಿರಲಿಲ್ಲ. ತಾರಸಿಗೆ ಮೆಟ್ಟಿಲಿದೆ.

‘ಹಾಗಾದರೆ ಹತ್ತಿ ಹೋಗಿ ಕೈಯಲ್ಲೇ ಕೇಬಲ್ ಬಿಚ್ಚಿ’ ಎನ್ನುವ ಹಳಬರ ಪಂಥವೂ ಪೂರ್ತಿ ಸರಿಯಿಲ್ಲ. ಜೆ.ಪಿ. ನಗರದ ಅಪಾರ್ಟ್‌ಮೆಂಟಿನ ಬಾಡಿಗೆದಾರನಿಗೆ ಟೆರೇಸ್ ಕೀ ಸೆಕ್ಯೂರಿಟಿಯವನ ಬಳಿ. ಗುಡುಗುತ್ತಿರುವಾಗ ತಾರಸಿಗೆ ಓಡುವುದಂತೂ ಶುದ್ಧ ಹುಚ್ಚುತನ. ರೇಡಿಯೊ ಮುಂದೆ ಕೂತು ಮಾತಾಡುವಾಗ ಮಾತ್ರ ಕೇಬಲ್ ಸಿಕ್ಕಿಸಿ, ಎದ್ದ ಮೇಲೆ ಬಿಚ್ಚಿ ಕಿಟಕಿಯಾಚೆ ಇಟ್ಟರೆ ಎರಡೂ ಪಂಥದವರ ಜಗಳ ಮುಗಿದೀತು. ಆದರೆ ಅದರಲ್ಲಿ ತೋರಿಸಿಕೊಳ್ಳುವಂಥದ್ದೇನೂ ಇಲ್ಲವಲ್ಲ.

ಇನ್ನು ಸಿಡಿಲಿಲ್ಲದ ದಿನವೂ ಕಾಡುವುದು ಸ್ವಿಚ್ಚಿನ ಆ ಅಡಾಪ್ಟರ್. ಅಗ್ಗದ್ದಾದರೆ ಹಗಲೂ ರಾತ್ರಿ 7 ಮೆಗಾಹರ್ಟ್ಸಿನಲ್ಲಿ ಗೊರಗುಟ್ಟುತ್ತ, ದೂರದ ಸಣ್ಣ ದನಿಗಳನ್ನು ಮೊದಲು ಮುಳುಗಿಸುತ್ತದೆ. ಫೆರೈಟ್ ಉಂಗುರಕ್ಕೆ ಎರಡು ಮೂರು ಸುತ್ತು ವೈರ್ ಸುತ್ತಿದರೆ ಸ್ವಲ್ಪ ತಗ್ಗುತ್ತದೆ.