ಮೊತೊಲಿನಿಯಾ ಎಣಿಸಿದ ಹತ್ತು ಬಾಧೆಗಳು

1524ರಲ್ಲಿ ಮೆಕ್ಸಿಕೋಗೆ ಬಂದ ಹನ್ನೆರಡು ಮಂದಿ ಫ್ರಾನ್ಸಿಸ್ಕನ್ ಸನ್ಯಾಸಿಗಳಲ್ಲಿ ತೊರಿಬಿಯೊ ದೆ ಬೆನವೆಂತೆ ಒಬ್ಬರು. ಅಲ್ಲಿನ ನಾವಾತ್ಲ್ ಭಾಷೆಯಲ್ಲಿ 'ಬಡವ' ಎಂಬ ಅರ್ಥ ಕೊಡುವ ಮೊತೊಲಿನಿಯಾ ಎಂಬ ಹೆಸರನ್ನು ಅವರು ತಮ್ಮದಾಗಿಸಿಕೊಂಡರು. ಅವರ 'ನವ ಸ್ಪೇನಿನ ಇಂಡಿಯನ್ನರ ಇತಿಹಾಸ' ಗ್ರಂಥದ ಆರಂಭದಲ್ಲೇ, ದೇವರು ಆ ನಾಡನ್ನು ಹತ್ತು ಬಾಧೆಗಳಿಂದ ದಂಡಿಸಿದರೆಂಬ ನಿರೂಪಣೆಯಿದೆ. ವಿಪತ್ತೆಲ್ಲ ದೈವಶಿಕ್ಷೆಯೆಂದು ಸಾರುವ ಹಳೆಯ ಬೋಧನೆಯೇ ಇದೂ ಎಂದು ಬದಿಗಿಡುವುದು ಸುಲಭ. ಪಟ್ಟಿಯನ್ನು ಪೂರ್ತಿ ಓದಿದರೆ ಆ ತೀರ್ಪು ನಿಲ್ಲದು.

ಮೊದಲನೆಯ ಬಾಧೆ ಸಿಡುಬು. ಹೆಚ್ಚಿನ ಪ್ರಾಂತ್ಯಗಳಲ್ಲಿ ಅರ್ಧಕ್ಕಿಂತ ಅಧಿಕ ಜನ ಸತ್ತರೆಂದೂ, ಎಲ್ಲರೂ ಒಮ್ಮೆಗೇ ಹಾಸಿಗೆ ಹಿಡಿದುದರಿಂದ ರೊಟ್ಟಿ ಮಾಡಿಕೊಡುವವರಿಲ್ಲದೆ ಅನೇಕರು ಹಸಿವಿನಿಂದ ಅಳಿದರೆಂದೂ ಅವರು ಬರೆಯುತ್ತಾರೆ. ಮೂರನೆಯದು ಕ್ಷಾಮ. ಅದಕ್ಕೆ ಅವರು ಕೊಡುವ ಕಾರಣ ಮುಗಿಲಿನದಲ್ಲ; ಯುದ್ಧದಿಂದಾಗಿ ಬಿತ್ತನೆ ನಡೆಯಲಿಲ್ಲ ಎಂಬುದು. ಮುಂದಿನವು ಮೇಲ್ವಿಚಾರಕರ ದಬ್ಬಾಳಿಕೆ, ಕಪ್ಪ, ಚಿನ್ನದ ಗಣಿ, ರಾಜಧಾನಿಯ ಮರುನಿರ್ಮಾಣಕ್ಕಾಗಿ ಬಿಟ್ಟಿದುಡಿಮೆ, ಗುಲಾಮಗಿರಿ. ಓಹಾಕಾ ಸೀಮೆಯ ಗಣಿಯ ಸುತ್ತ ಅರ್ಧ ಹರದಾರಿಯಷ್ಟು ದೂರ ಹೆಣ ಅಥವಾ ಮೂಳೆಗಳನ್ನು ತುಳಿಯದೆ ನಡೆಯಲಾಗುತ್ತಿರಲಿಲ್ಲ, ಹೆಣಕ್ಕೆರಗುವ ಹಕ್ಕಿಗಳು ನೆಲಕ್ಕೆ ನೆರಳು ಕವಿಸುವಷ್ಟಿದ್ದವು ಎಂಬ ಮಾತು ಈ ಪಟ್ಟಿಯಲ್ಲೇ ಬರುತ್ತದೆ. ನೆಲದ ನಾಶ ಬೇರೆ, ಬಡವರ ನಾಶ ಬೇರೆ ಎಂಬ ಭೇದವನ್ನು ಅವರು ಮಾಡಲೇ ಇಲ್ಲ. ಇವೆರಡರ ಆರ್ತನಾದವನ್ನು ಒಟ್ಟಿಗೇ ಕೇಳಬೇಕೆಂದು 2015ರ 'ಲೌದಾತೊ ಸಿ' ವಿಶ್ವಪರಿಪತ್ರ ಬೋಧಿಸಿದಾಗ, ಅದಕ್ಕೆ ಇಂಥ ಪೂರ್ವಜರೂ ಇದ್ದರೆಂಬುದನ್ನು ನಾವು ಹೆಚ್ಚಾಗಿ ಗಮನಿಸಲಿಲ್ಲ.

ನಮ್ಮ ಆಕ್ಷೇಪವಿರುವುದು ಅವರು ಆರಿಸಿಕೊಂಡ ಹೋಲಿಕೆಯ ಬಗ್ಗೆ. ವಿಮೋಚನಕಾಂಡದಲ್ಲಿ ಬಾಧೆಗಳು ಎರಗುವುದು ಫರೋಹನ ಮೇಲೆ. ಅವುಗಳ ಕೊನೆಯಲ್ಲಿ ಗುಲಾಮರು ಬಿಡುಗಡೆ ಹೊಂದುತ್ತಾರೆ. ಮೊತೊಲಿನಿಯಾರ ಪಟ್ಟಿಯಲ್ಲಿ ಗುಲಾಮರಾಗುವುದೇ ಒಂದು ಬಾಧೆ. ಸಾಯುವವರು ಇಟ್ಟಿಗೆ ಹೊರುವವರು. ಇದನ್ನು ಕಂಡ ಕಣ್ಣಿಗೆ ಫರೋಹ ಯಾರೆಂಬುದು ತಿಳಿಯದೆ ಇರಲಾರದು. ಆದರೂ 'ದೇವರು ದಂಡಿಸಿದರು' ಎಂಬ ಚೌಕಟ್ಟು ಬದಲಾಗುವುದಿಲ್ಲ. ಸಾಕ್ಷ್ಯವು ಒಂದು ದಿಕ್ಕಿಗೆ, ದೇವಶಾಸ್ತ್ರವು ಇನ್ನೊಂದು ದಿಕ್ಕಿಗೆ ಎಳೆಯುತ್ತದೆ.

ಅದೇ ಗ್ರಂಥದಲ್ಲಿ ಮತ್ತೊಂದು ಪ್ರಸಂಗವಿದೆ. ಸನ್ಯಾಸಿಗಳು ಬಂದ ನಾಲ್ಕನೆಯ ವರ್ಷ ಅತಿವೃಷ್ಟಿಯಿಂದ ಮೆಕ್ಕೆಜೋಳದ ಬೆಳೆ ಕೊಚ್ಚಿಹೋಗಿ ಮನೆಗಳು ಕುಸಿದವು. ತೆಸ್ಕೊಕೊದ ಜನರು ಬಡ ಶಿಲುಬೆಯೊಂದನ್ನು ಹಿಡಿದು ಮೆರವಣಿಗೆ ಹೊರಟರು. ಅಂದೇ ಮಳೆ ನಿಂತಿತು ಎನ್ನುತ್ತಾರೆ ಗ್ರಂಥಕರ್ತರು. ಈ ಭಕ್ತಿಯನ್ನು ಲಘುವಾಗಿ ಕಾಣುವ ಹಕ್ಕು ನಮಗಿಲ್ಲ. ಆದರೆ ಕಪ್ಪ ಹೊತ್ತು ಬಳಲಿದ್ದ ಆ ಜನ ಬೆಳೆ ಕಳೆದುಕೊಂಡ ಮೇಲೆ ಏನು ತೆತ್ತರು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಬಾಧೆಗಳ ಅಧ್ಯಾಯ ತಿಳಿದಿದ್ದನ್ನು ಪ್ರಾರ್ಥನೆಯ ಅಧ್ಯಾಯ ಮರೆತಂತಿದೆ.

1555ರಲ್ಲಿ ಮೊತೊಲಿನಿಯಾ ಚಕ್ರವರ್ತಿ ಐದನೆಯ ಚಾರ್ಲ್ಸ್‌ನಿಗೆ ದೀರ್ಘ ಪತ್ರ ಬರೆದರು. ಅದರಲ್ಲಿ ಅವರು ಕಟುವಾಗಿ ಖಂಡಿಸಿದ್ದು ಗಣಿಗಳ ಒಡೆಯರನ್ನಲ್ಲ, ಇಂಡಿಯನ್ನರ ಪರ ವಾದಿಸುತ್ತಿದ್ದ ಧರ್ಮಾಧ್ಯಕ್ಷ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಅವರನ್ನು.