‘ಫೈರ್’: ದರ್ಗಾದಿಂದ ಮುಂದೆ ಹೋಗೋದೆಲ್ಲಿಗೆ?

ದೀಪಾ ಮೆಹ್ತಾ ಅವರ ‘ಫೈರ್’ ತಯಾರಾದದ್ದು 1996ರಲ್ಲಿ. ನಮ್ಮ ದೇಶದ ಥಿಯೇಟರುಗಳಿಗೆ ಬಂದದ್ದು 1998ರ ನವೆಂಬರಿನಲ್ಲಿ. ಡಿಸೆಂಬರಿನಲ್ಲಿ ಮುಂಬಯಿ, ದೆಹಲಿಗಳಲ್ಲಿ ಶಿವಸೇನೆಯವರು ಥಿಯೇಟರಿಗೆ ನುಗ್ಗಿ ಪ್ರದರ್ಶನ ನಿಲ್ಲಿಸಿದರು. ಇಬ್ಬರು ಹೆಂಗಸರು ಪ್ರೀತಿಸಿದ್ದೇ ತಪ್ಪು, ಅವರ ಹೆಸರು ರಾಧಾ, ಸೀತಾ ಅಂತ ಇದ್ದದ್ದು ಇನ್ನೂ ದೊಡ್ಡ ತಪ್ಪು! ಚಿತ್ರದ ಪರ ನಿಂತವರು ಅಭಿವ್ಯಕ್ತಿ ಸ್ವಾತಂತ್ರ್ಯದ ಮಾತಾಡಿದರು. ಆ ಮಾತು ಬೇಕಾಗಿತ್ತು. ಆದರೆ ಆ ಗದ್ದಲದಲ್ಲಿ ಒಂದು ಸರಳ ಪ್ರಶ್ನೆ ಹಿಂದೆ ಬಿತ್ತು: ಮನೆ ಬಿಟ್ಟು ಬಂದ ಈ ಇಬ್ಬರು ನಾಳೆ ಏನು ತಿಂತಾರೆ?

ಪ್ರೇಮದ ಮುಂದೆ ಹೊಟ್ಟೆಯ ಮಾತೆತ್ತೋದು ಒರಟುತನ ಅಂತ ಕೆಲವರಿಗೆ ಅನ್ನಿಸಬಹುದು. ಕೂಲಿ ಮಾಡಿ ಬದುಕೋ ಜನಕ್ಕೆ ಇದೇ ಮೊದಲ ಪ್ರಶ್ನೆ.

ಚಿತ್ರದ ಮನೆಯನ್ನೇ ನೋಡಿ. ದೆಹಲಿಯ ಮಧ್ಯಮವರ್ಗದ ಕೂಡುಕುಟುಂಬ. ಊಟ ಕಟ್ಟಿಕೊಡೋ ಅಂಗಡಿ, ಜೊತೆಗೆ ವಿಡಿಯೋ ವ್ಯಾಪಾರ. ಒಲೆಯ ಮುಂದೆ ಬೇಯೋರು ಸೊಸೆಯರಿಬ್ಬರು. ಗಲ್ಲಾ ಯಜಮಾನ ಅಶೋಕನ ಕೈಲಿ. ಅವನು ದುಡ್ಡನ್ನು ಸ್ವಾಮೀಜಿಯ ಕಾಯಿಲೆಗೆ ಸುರೀತಾನೆ. ತಮ್ಮ ಜತಿನ್ ಪ್ರೇಯಸಿಯ ಹಿಂದೆ ಸುತ್ತುತಾನೆ. ದುಡಿಯೋ ಸೊಸೆಯರಿಗೆ ಕೂಲಿ ಇಲ್ಲ. ಮೆಹ್ತಾ ಇದನ್ನು ಚೆನ್ನಾಗಿ ಕಂಡಿದ್ದಾರೆ. ಕೊನೆಗೆ ಅದೇ ಅಡಿಗೆಮನೆಯಲ್ಲಿ ರಾಧಾಳ ಸೀರೆಗೆ ಬೆಂಕಿ ಹತ್ತಿದಾಗ ಅಶೋಕ ತಾಯಿಯನ್ನು ಎತ್ತಿಕೊಂಡು ಹೊರಗೆ ಹೋಗುತ್ತಾನೆ. ಆಮೇಲೆ ದರ್ಗಾ, ಮಳೆ, ಇಬ್ಬರ ಅಪ್ಪುಗೆ. ಚಿತ್ರ ಮುಗೀತು. ಬದುಕು ಶುರುವಾಗೋದು ಅಲ್ಲಿಂದ.

ಇನ್ನೊಂದು ತಕರಾರು ನಮ್ಮದಿದೆ. ಆ ಮನೆಯ ಆಳು ಮುಂಡು. ಮಾತು ಬಾರದ, ಏಳಲಾಗದ ಮುದುಕಿಯನ್ನು ಕಾಯೋದು ಅವನ ಕೆಲಸ. ಕ್ಯಾಮರಾ ಅವನಲ್ಲಿ ಮುಖ್ಯವಾಗಿ ಕಾಣೋದು ಹೊಲಸು ಆಸೆಯನ್ನು. ಕೊನೆಗೆ ಯಜಮಾನನಿಗೆ ಚಾಡಿ ಹೇಳೋನೂ ಅವನೇ. ಸೊಸೆಯರ ಸಂಬಳವಿಲ್ಲದ ದುಡಿಮೆಯನ್ನು ಕಂಡ ಕಣ್ಣಿಗೆ ಆಳಿನ ದುಡಿಮೆ ಯಾಕೆ ಕಾಣಲಿಲ್ಲ?

ಇಸ್ಮತ್ ಚುಗ್ತಾಯಿ 1942ರಲ್ಲಿ ಪ್ರಕಟಿಸಿದ ‘ಲಿಹಾಫ್’ ಕತೆಯಲ್ಲೂ ಇದೇ ಗಂಟು. ಬಡವರ ಮನೆಯಿಂದ ಬಂದ ಬೇಗಂ ಜಾನ್ ನವಾಬನ ಹವೇಲಿಯ ಅನ್ನದಲ್ಲಿದ್ದಾಳೆ. ಅವಳ ಮೈ ತಿಕ್ಕೋ ರಬ್ಬು ಬೇಗಂಳ ಅನ್ನದಲ್ಲಿದ್ದಾಳೆ. ಬೇಗಂ ಬೆಳ್ಳಗೆ, ರಬ್ಬು ಕಪ್ಪಗೆ. ಇದನ್ನು ಇಬ್ಬರು ಹೆಂಗಸರ ಪ್ರೀತಿ ಅಂತ ಓದೋ ವಿಮರ್ಶಕರು ಒಂದು ಮಾತು ಹೇಳಲಿ: ಒಲ್ಲೆ ಅಂದರೆ ರಬ್ಬು ಎಲ್ಲಿಗೆ ಹೋಗಬೇಕಾಗಿತ್ತು? ಒಲ್ಲೆ ಅನ್ನೋ ಶಕ್ತಿ ಇಲ್ಲದ ಕಡೆ ಒಲವನ್ನು ಅಳೆಯೋದು ಹೇಗೆ? ಚುಗ್ತಾಯಿ ಕತೆಯ ಬಲ ಇರೋದು ಈ ಪ್ರಶ್ನೆಗೆ ಜಾಗ ಬಿಟ್ಟಿರೋದರಲ್ಲಿ.

ಈಗ ದರ್ಗಾದಿಂದ ಮುಂದೆ ಹೋಗೋಣ. ರಾಧಾ ಸೀತಾ ಬಾಡಿಗೆ ಮನೆ ಹಿಡಿದು ಅಡಿಗೆ ಮಾಡಿ ಮಾರ್ತಾರೆ ಅಂತ ಇಟ್ಟುಕೊಳ್ಳಿ. ಹತ್ತು ವರ್ಷ ದುಡಿದು ರಾಧಾ ತನ್ನ ಹೆಸರಲ್ಲಿ ಒಂದು ಗೂಡು ಮಾಡಿಕೊಂಡಳು. ವಿಚ್ಛೇದನ ಆಗಿಲ್ಲ, ಮಕ್ಕಳಿಲ್ಲ, ಉಯಿಲು ಬರೆದಿಲ್ಲ. ಸತ್ತಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ ಆ ಗೂಡು ಅಶೋಕನಿಗೆ. ಅವನೂ ಸತ್ತಿದ್ದರೆ ಅವನ ವಾರಸುದಾರರಿಗೆ. ಸೀತಾ ಬೀದಿಗೆ. ಇದು ಬರೀ ಊಹೆಯಲ್ಲ. ಗಂಡ ಸತ್ತೊಡನೆ ಅತ್ತೆಮನೆಯವರು ಹೊರಗೆ ಹಾಕಿದ ಒಬ್ಬ ಹೆಣ್ಣುಮಗಳ ಸ್ವಂತ ಗಳಿಕೆ ಆ ಗಂಡನ ಕಡೆಯವರಿಗೇ ಸೇರಬೇಕು ಅಂತ ಸುಪ್ರೀಂ ಕೋರ್ಟು 2009ರಲ್ಲಿ ತೀರ್ಪು ಕೊಟ್ಟಿದೆ.

2023ರ ಅಕ್ಟೋಬರ್ 17ರಂದು ಅದೇ ಕೋರ್ಟು ಇಂಥ ಜೋಡಿಗಳ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಜಂಟಿ ಬ್ಯಾಂಕ್ ಖಾತೆಗೆ, ಸಂಗಾತಿಯನ್ನು ನಾಮಿನಿ ಮಾಡಲಿಕ್ಕೆ ಅಡ್ಡಿಯಿಲ್ಲ ಅಂತ ಸ್ಪಷ್ಟಪಡಿಸಿತು. ಒಳ್ಳೇದೇ. ಆದರೆ ನಾಮಿನಿ ಅಂದರೆ ದುಡ್ಡು ಈಸಿಕೊಳ್ಳೋ ಕೈ ಮಾತ್ರ, ಒಡೆತನ ವಾರಸುದಾರರದ್ದು. ರೇಷನ್ ಕಾರ್ಡಿಗೆ ಇಬ್ಬರನ್ನೂ ಒಂದೇ ಮನೆಯವರೆಂದು ಎಣಿಸಬೇಕು ಅಂತಲೂ ರಾಜ್ಯಗಳಿಗೆ ಬರೆಯಿತು. ಕಾಗದ ದಿಲ್ಲಿಯಿಂದ ಹೊರಟಿತು ಸರಿ. ತಾಲ್ಲೂಕು ಕಚೇರಿಯ ಕಿಟಕಿ ಮುಂದೆ ನಿಂತು ‘ಇವಳು ನಿನಗೆ ಏನಾಗಬೇಕು?’ ಅನ್ನೋ ಪ್ರಶ್ನೆಗೆ ಉತ್ತರ ಕೊಡಬೇಕಾದೋಳು ಯಾರು? ಮನೆ ಬಿಟ್ಟು ಬಂದೋಳ ಹೆಸರು ಅಪ್ಪನ ಕಾರ್ಡಲ್ಲೋ ಗಂಡನ ಕಾರ್ಡಲ್ಲೋ ಉಳಿದಿರುತ್ತೆ. ನಮ್ಮ ರಾಜ್ಯದಲ್ಲಿ ಅಕ್ಕಿಗೂ ಕಾರ್ಡು ಬೇಕು, ಗೃಹಲಕ್ಷ್ಮಿಯ 2,000 ರೂಪಾಯಿಗೂ ಕಾರ್ಡಿನಲ್ಲಿ ಯಜಮಾನಿ ಅಂತ ಹೆಸರು ಬೇಕು.

‘ಇದೆಲ್ಲ ಉಳ್ಳವರ ಶೋಕಿ’ ಅಂತ ನಮ್ಮ ಕೆಲವು ಗೆಳೆಯರು ಹೇಳ್ತಾರೆ. 1987ರಲ್ಲಿ ಮಧ್ಯಪ್ರದೇಶದಲ್ಲಿ ಮದುವೆಯಾದ ಇಬ್ಬರು ಹೆಂಗಸರು ಪೊಲೀಸ್ ಪೇದೆಗಳು. ಸುದ್ದಿ ಹೊರಬಿದ್ದ ಮೇಲೆ ಇಬ್ಬರ ಕೆಲಸವೂ ಹೋಯಿತು. ಪೇದೆಯ ಸಂಬಳದಲ್ಲಿ ಯಾವ ಶೋಕಿ ಸ್ವಾಮಿ? ಉಳ್ಳ ಹೆಣ್ಣಿಗೆ ವಕೀಲ ಸಿಕ್ಕಾನು, ಉಯಿಲು ಬರೆದಾನು. ನಮ್ಮ ಕೇರಿಯ ಹುಡುಗಿಗೆ ಬಾಡಿಗೆ ಮನೆಯ ಬಾಗಿಲಲ್ಲಿ ಮೊದಲು ಜಾತಿ ಕೇಳ್ತಾರೆ, ಆಮೇಲೆ ಗಂಡ ಎಲ್ಲಿ ಅಂತಾರೆ. ಎರಡು ಪ್ರಶ್ನೆಗೂ ಸುಳ್ಳು ಹೇಳಿದರೆ ಮಾತ್ರ ಸೂರು.

ಹೆಣ್ಣಿಗೆ ಆಸ್ತಿ ಹಕ್ಕು ಕೊಡಲು ಹೊರಟ ಹಿಂದೂ ಕೋಡ್ ಬಿಲ್ಲನ್ನು ಕೈಬಿಟ್ಟಾಗ, 1951ರಲ್ಲಿ ಅಂಬೇಡ್ಕರ್ ಮಂತ್ರಿಗಿರಿಯನ್ನೇ ಬಿಟ್ಟು ಬಂದರು. ಜಾತಿ ಉಳಿಯೋದು ಹೆಣ್ಣಿನ ಮದುವೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳೋದರಿಂದ ಅಂತ 1916ರಲ್ಲೇ ಅವರು ವಿವರಿಸಿದ್ದರು. ಆ ಮದುವೆಯ ಆಚೆ ಹೋದ ಹೆಣ್ಣಿಗೆ ಅನ್ನ, ಸೂರು, ವಾರಸಿಕೆ ಮೂರನ್ನೂ ತಪ್ಪಿಸೋದು ಅದೇ ಹಿಡಿತದ ಇನ್ನೊಂದು ಕೈ. ಆದ್ದರಿಂದ ಇದು ನಮ್ಮ ಚಳುವಳಿಯ ಪ್ರಶ್ನೆ.

‘ಫೈರ್’ ಬಾಗಿಲು ತೆರೆಯಿತು, ಅಷ್ಟರ ಮಟ್ಟಿಗೆ ಅದು ದೊಡ್ಡ ಚಿತ್ರ. ನಮ್ಮ ಬರಹಗಾರರು ಬರೆಯಬೇಕಾದ್ದು ಬಾಗಿಲಾಚೆಯ ಕತೆ: ಬಾಡಿಗೆಯ ಮುಂಗಡ, ಇಬ್ಬರ ಕೂಲಿ, ಯಾರ ಹೆಸರಲ್ಲಿ ಗ್ಯಾಸು, ಯಾರು ಸತ್ತರೆ ಯಾರಿಗೆ ಪಾತ್ರೆಪಡಗ. ಅದನ್ನು ಬರೆಯುವಾಗ ಮುಂಡುವಿಗೂ ರಬ್ಬುವಿಗೂ ಬಾಯಿ ಕೊಡಲಿ.