ರಾಮಚಂದ್ರನ್ನರ ಸಂಶೋಧನ ಲೇಖನಗಳೂ ಉಲ್ಲೇಖಗಣನೆಯೂ

ವಿಜ್ಞಾನಿಯ ಯೋಗ್ಯತೆಯನ್ನು ಅವನ ಲೇಖನಗಳ ಸಂಖ್ಯೆಯಿಂದಲೂ, ಅವುಗಳನ್ನು ಇತರರು ಎಷ್ಟು ಸಲ ಉಲ್ಲೇಖಿಸಿರುವರೆಂಬ ಲೆಕ್ಕದಿಂದಲೂ ನಿರ್ಣಯಿಸುವ ಪದ್ಧತಿಯು ಈಗ ಎಲ್ಲೆಡೆಯೂ ರೂಢಿಗೆ ಬಂದಿದೆ. ಉದ್ಯೋಗ, ಬಡ್ತಿ, ಧನಸಹಾಯ ಮೊದಲಾದುವು ಬಹುಮಟ್ಟಿಗೆ ಈ ಅಂಕಿಗಳನ್ನು ಅವಲಂಬಿಸಿರುವುದರಿಂದ, ಅಳತೆಗೋಲೇ ನೆಟ್ಟಗಿದೆಯೇ ಎಂಬುದನ್ನು ಪರೀಕ್ಷಿಸುವುದು ಅವಶ್ಯಕ. ಈ ಪರೀಕ್ಷೆಗೆ ಜಿ. ಎನ್. ರಾಮಚಂದ್ರನ್ (೧೯೨೨–೨೦೦೧) ಅವರ ಲೇಖನಗಳು ಉತ್ತಮವಾದ ನಿದರ್ಶನ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದು, ೧೯೫೨ರಿಂದ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕತ್ವವನ್ನು ವಹಿಸಿ, ತರುವಾಯ ಬೆಂಗಳೂರಿಗೆ ಮರಳಿ ಅಣುಜೀವಭೌತವಿಜ್ಞಾನದ ವಿಭಾಗವನ್ನು ಸ್ಥಾಪಿಸಿದವರು ಅವರು.

೧೯೫೪ರಲ್ಲಿ ಅವರು ಗೋಪೀನಾಥ ಕರ್ತಾ ಅವರೊಡನೆ ‘ನೇಚರ್’ ಪತ್ರಿಕೆಯಲ್ಲಿ, ಚರ್ಮ ಎಲುಬುಗಳಲ್ಲಿರುವ ಕೊಲ್ಲಾಜೆನ್ ಎಂಬ ಪ್ರೋಟೀನು ಮೂರು ಎಳೆಗಳಿಂದಾದುದೆಂದು ಪ್ರತಿಪಾದಿಸಿದರು. ಮರುವರ್ಷ, ಆ ಎಳೆಗಳು ಒಟ್ಟಾಗಿ ಹುರಿಗೊಂಡಿರುವುವೆಂದು ತಮ್ಮ ಮತವನ್ನು ತಿದ್ದಿಕೊಂಡರು. ಅದೇ ೧೯೫೫ರಲ್ಲಿ ರಿಚ್ ಮತ್ತು ಕ್ರಿಕ್ ಎಂಬ ವಿದ್ವಾಂಸರು ಮೂರೆಳೆಯ ಹುರಿಯನ್ನು ಒಪ್ಪಿಯೂ, ರಾಮಚಂದ್ರನ್ನರ ರಚನೆಯಲ್ಲಿ ಕೆಲವು ಪರಮಾಣುಗಳು ಸಲ್ಲದಷ್ಟು ಸಮೀಪದಲ್ಲಿವೆಯೆಂದು ಆಕ್ಷೇಪಿಸಿದರು. ಎಳೆಗಳನ್ನು ಬಿಗಿಯುವ ಹೈಡ್ರೊಜನ್ ಬಂಧಗಳ ಸಂಖ್ಯೆಯ ವಿಷಯದಲ್ಲಿ ಕಾಲವು ಆಕ್ಷೇಪಕರ ಪಕ್ಷವನ್ನೇ ಎತ್ತಿಹಿಡಿಯಿತೆಂಬುದನ್ನು ಮರೆಮಾಚಬೇಕಾದುದಿಲ್ಲ.

ಆದರೆ ಆ ಆಕ್ಷೇಪವೇ ಮುಂದಿನ ಮಹತ್ಕಾರ್ಯಕ್ಕೆ ಬೀಜವಾಯಿತು. ಪರಮಾಣುಗಳು ಎಷ್ಟು ಸಮೀಪಕ್ಕೆ ಬರಬಹುದೆಂಬುದನ್ನು, ಆಗ ತಿಳಿದಿದ್ದ ಸ್ಫಟಿಕರಚನೆಗಳಿಂದ ಮದರಾಸಿನಲ್ಲಿ ಲೆಕ್ಕಹಾಕಲಾಯಿತು. ಪ್ರೋಟೀನೆಂಬುದು ಅಮೈನೋ ಆಮ್ಲಗಳ ಸರಪಣಿ. ಅದರ ಬೆನ್ನೆಳೆಯ ಭಂಗಿಯನ್ನು ಒಂದೊಂದು ಕೊಂಡಿಯಲ್ಲಿಯೂ ಮುಖ್ಯವಾಗಿ ಎರಡು ಕೋನಗಳು ನಿರ್ಣಯಿಸುತ್ತವೆ. ಈ ಎರಡನ್ನು ಒಂದು ಚೌಕದ ಎರಡು ಅಕ್ಷಗಳಾಗಿರಿಸಿ, ಪರಮಾಣುಗಳು ಪರಸ್ಪರ ಒತ್ತುವ ಸ್ಥಿತಿಗಳನ್ನೆಲ್ಲ ಕಳೆದರೆ ಉಳಿಯುವುದು ಅಲ್ಪಪ್ರದೇಶ. ಆ ಅಲ್ಪಪ್ರದೇಶದಲ್ಲಿಯೇ ಪ್ರೋಟೀನುಗಳ ಪ್ರಸಿದ್ಧ ಸುರುಳಿಗಳೂ ಮಡಿಕೆಗಳೂ ಅಡಗಿವೆ. ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಇವರೊಡನೆ ೧೯೬೩ರಲ್ಲಿ ಅಣುಜೀವವಿಜ್ಞಾನದ ಪತ್ರಿಕೆಯೊಂದರಲ್ಲಿ ಇದನ್ನು ಪ್ರಕಟಿಸಿದ ಲೇಖನವು ಐದೇ ಪುಟಗಳದು.

ಈ ಲೇಖನವನ್ನು ಸಾವಿರಾರು ಮಂದಿ ಉಲ್ಲೇಖಿಸಿರುವರು. ಆದರೂ ಅದರ ಬಳಕೆಗೆ ಈ ಸಂಖ್ಯೆಯು ಪ್ರಮಾಣವಲ್ಲ. ೧೯೭೧ರಲ್ಲಿ ಆರಂಭವಾದ ಪ್ರೋಟೀನು ರಚನೆಗಳ ಜಾಗತಿಕ ಭಂಡಾರದಲ್ಲಿ ಈಗ ಎರಡು ಲಕ್ಷಕ್ಕೂ ಮಿಕ್ಕ ರಚನೆಗಳಿವೆ. ಅಲ್ಲಿಗೆ ಹೊಸದಾಗಿ ಬರುವ ಪ್ರೋಟೀನು ರಚನೆಯ ಸಾಧುತ್ವವನ್ನು ಇದೇ ನಕ್ಷೆಯಿಂದ ಒರೆಹಚ್ಚುವರು. ಹೀಗೆ ಬಳಸುವವರು ‘ರಾಮಚಂದ್ರನ್ ನಕ್ಷೆ’ ಎಂದು ಬರೆದು ಮುಂದುವರಿಯುವರೇ ಹೊರತು, ಅನೇಕರು ಮೂಲಲೇಖನವನ್ನು ಹೆಸರಿಸುವುದಿಲ್ಲ. ಶಾಸ್ತ್ರದ ನಿತ್ಯವ್ಯವಹಾರದಲ್ಲಿ ಬೆರೆತುಹೋದ ಸಿದ್ಧಾಂತವು ಉಲ್ಲೇಖಗಳ ಪಟ್ಟಿಯಿಂದ ಜಾರುವುದು ಸಹಜ. ಕೀರ್ತಿಯು ಪೂರ್ಣವಾದಲ್ಲಿಯೇ ಲೆಕ್ಕವು ಕುಗ್ಗುತ್ತದೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ದ್ರಾವಣದಲ್ಲಿ ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನವನ್ನು ಕುರಿತು ಲೌರಿ ಮತ್ತು ಅವರ ಸಂಗಡಿಗರು ೧೯೫೧ರಲ್ಲಿ ಬರೆದ ಲೇಖನವು ೨೦೧೪ರ ಹೊತ್ತಿಗೆ ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖಗಳನ್ನು ಪಡೆದಿತ್ತು. ವಂಶವಾಹಿಯ ಜೋಡಿಸುರುಳಿಯನ್ನು ಲೋಕಕ್ಕೆ ತೋರಿದ ವಾಟ್ಸನ್ ಮತ್ತು ಕ್ರಿಕ್‌ರ ೧೯೫೩ರ ಲೇಖನವು ಅದರ ಹತ್ತಿರಕ್ಕೂ ಬರಲಿಲ್ಲ. ಲೌರಿಯವರ ವಿಧಾನವು ಉಪಯುಕ್ತವೆಂಬುದು ನಿರ್ವಿವಾದ. ಆದರೆ ಅದು ಜೋಡಿಸುರುಳಿಗಿಂತ ಅನೇಕ ಪಾಲು ಮಿಗಿಲಾದ ಶೋಧವೆಂದು ಯಾರೂ ಹೇಳಲಾರರು. ೨೦೦೫ರಲ್ಲಿ ಹಿರ್ಶ್ ಎಂಬವರು ಸೂಚಿಸಿದ ಸೂಚ್ಯಂಕವೂ ಈ ದೋಷವನ್ನು ಪರಿಹರಿಸದು. ನಿಯತಸಂಖ್ಯೆಯ ಉಲ್ಲೇಖಗಳನ್ನು ಮುಟ್ಟಿದ ಲೇಖನಗಳನ್ನಷ್ಟೇ ಅದು ಎಣಿಸುವುದರಿಂದ, ೧೯೬೩ರ ಐದು ಪುಟಗಳೂ ಆ ಮಿತಿಯನ್ನು ದಾಟಿದ ಸಾಮಾನ್ಯ ಲೇಖನವೂ ಅದರ ತಕ್ಕಡಿಯಲ್ಲಿ ಸಮತೂಕದವೇ ಆಗುತ್ತವೆ.

ಉಲ್ಲೇಖಗಣನೆಯು ನಿಷ್ಪ್ರಯೋಜಕವೆಂದು ಇದರಿಂದ ಸಿದ್ಧವಾಗುವುದಿಲ್ಲ. ದೂರದ ಪರೀಕ್ಷಕನಿಗೂ ಅದು ಕೆಲವು ಸಂಗತಿಗಳನ್ನು ತಿಳಿಸುತ್ತದೆ. ಬರಿಯ ಶಿಫಾರಸಿನ ಬಲಕ್ಕೆ ಅದು ತಕ್ಕ ತಡೆಯೂ ಹೌದು. ಆದರೆ ಇಂತಹ ಸೂಚಿಯನ್ನು ೧೯೫೫ರಲ್ಲಿ ಪ್ರಸ್ತಾಪಿಸಿದ ಯೂಜಿನ್ ಗಾರ್ಫೀಲ್ಡರ ಮುಖ್ಯೋದ್ದೇಶವು ವಿದ್ವಾಂಸರಿಗೆ ದರ್ಜೆ ಕಟ್ಟುವುದಾಗಿರಲಿಲ್ಲ. ಒಂದು ಲೇಖನವನ್ನು ಮುಂದಿನವರು ಹೇಗೆ ಸ್ವೀಕರಿಸಿದರು, ಹೇಗೆ ಖಂಡಿಸಿದರು ಎಂಬುದನ್ನು ಓದುಗನು ಹುಡುಕಿಕೊಳ್ಳಲೆಂಬುದಾಗಿತ್ತು. ಖಂಡನೆಯಿಂದಲೇ ಹುಟ್ಟಿದ ರಾಮಚಂದ್ರನ್ ನಕ್ಷೆಗೆ ಆ ಉದ್ದೇಶವು ಚೆನ್ನಾಗಿ ಒಪ್ಪುತ್ತದೆ. ೧೯೫೪ರಿಂದ ೧೯೬೩ರವರೆಗಿನ ಒಂಬತ್ತು ವರ್ಷಗಳಲ್ಲಿ ಒಂದು ಆಕ್ಷೇಪವು ಸಿದ್ಧಾಂತವಾಗಿ ಪರಿಣಮಿಸಿದ ಬಗೆಯನ್ನು ಯಾವ ಮೊತ್ತವೂ ಹೇಳಲಾರದು. ಲೇಖನಗಳನ್ನು ಕ್ರಮವಾಗಿ ಓದಿದವನಿಗೆ ಮಾತ್ರ ಅದು ಗೋಚರಿಸುತ್ತದೆ. ತರುಣ ಸಂಶೋಧಕರ ಭವಿಷ್ಯವನ್ನು ನಿರ್ಣಯಿಸುವ ಸಮಿತಿಗಳು ಅಂಕಿಗಳನ್ನು ನೋಡುವುದಕ್ಕೆ ಮೊದಲು, ಅಭ್ಯರ್ಥಿಯ ಒಂದೆರಡು ಲೇಖನಗಳನ್ನಾದರೂ ಆಮೂಲಾಗ್ರವಾಗಿ ಓದುವುದು ನ್ಯಾಯ.